ಕಾಲಿಗಿಳಿಯುವ ಬೆನ್ನುನೋವು: ಕೈರೋಪ್ರಾಕ್ಟಿಕ್‌ನಲ್ಲಿ ಯಾವ ವಿಧಾನ ನನಗೆ ಸರಿ?

ಪ್ರಶ್ನೆ: ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮದು ಅಡಿಕೆ ತೋಟ. ನನಗೆ 46 ವರ್ಷ. ಮಳೆಗಾಲದಲ್ಲಿ ಮದ್ದು ಬಿಟ್ಟು ಮುಗಿಸಿದಾಗ ಹಿಡಿದ ಸೊಂಟ ನಾಲ್ಕು ತಿಂಗಳಾದರೂ ಬಿಟ್ಟಿಲ್ಲ. ನೋವು ಬಲಗಾಲಿನ ಹೊರಬದಿಯಲ್ಲಿ ಇಳಿಯುತ್ತದೆ, ಕೆಲವೊಮ್ಮೆ ಪಾದದ ಮೇಲ್ಭಾಗ ಜೋಮು ಹಿಡಿಯುತ್ತದೆ. ಎಂಆರ್‌ಐಯಲ್ಲಿ ಸೊಂಟದ ನಾಲ್ಕನೆಯ ಮತ್ತು ಐದನೆಯ ಮಣಿಗಳ ನಡುವಿನ (ಎಲ್4–ಎಲ್5) ಡಿಸ್ಕ್ ಉಬ್ಬಿ ನರಕ್ಕೆ ತಾಗಿದೆ ಎಂದು ಬಂದಿದೆ. ಆಪರೇಶನ್ ಈಗ ಬೇಡ ಎಂದಿದ್ದಾರೆ. ಬೆನ್ನುಮೂಳೆಯನ್ನು ಒತ್ತಿ, ಎಳೆದು ಚಿಕಿತ್ಸೆ ಮಾಡುವ ಕೈರೋಪ್ರಾಕ್ಟಿಕ್‌ನವರಲ್ಲಿ ಮೂರು ಕಡೆ ವಿಚಾರಿಸಿದೆ. ಒಂದು ಕಡೆ ಕೈಯಿಂದ ನೆಟಿಗೆ ತೆಗೆದು ಗಂಟು ಕೂರಿಸುತ್ತೇವೆ ಎಂದರು. ಇನ್ನೊಂದು ಕಡೆ ಸಣ್ಣ ಉಪಕರಣದಿಂದ ಟಕ್ ಟಕ್ ಹೊಡೆಯುತ್ತಾರೆ, ನೋವೇ ಇಲ್ಲವಂತೆ. ಮೂರನೆಯವರಲ್ಲಿ ಮಧ್ಯದಲ್ಲಿ ಬಾಗುವ ಮೇಜು ಇದೆ. ಆದರೆ ಇಡೀ ಬೆನ್ನಿನ ಎಕ್ಸ್‌ರೇ ತೆಗೆಸಿ 24 ಸಿಟ್ಟಿಂಗಿನ ಹಣ ಮೊದಲೇ ಕಟ್ಟಬೇಕು ಎನ್ನುತ್ತಾರೆ. ಯಾವುದಕ್ಕೆ ಹೋಗಲಿ? ತಾಯಿಗೆ 71 ವರ್ಷ, ಮೂಳೆ ಸಾಂದ್ರತೆ ಕಡಿಮೆ, ರಕ್ತ ತೆಳುವಾಗಿಸುವ ಮಾತ್ರೆಯೂ ಇದೆ. ಅವರ ಬೆನ್ನನ್ನೂ ತೋರಿಸಬಹುದೇ?

ಉತ್ತರ: ಮೊದಲು ನೇರ ಉತ್ತರ ಕೊಡುತ್ತೇನೆ, ಕಾರಣ ಆಮೇಲೆ. ನಿಮ್ಮ ವಿವರಣೆ ಇರುವಂತೆಯೇ ಇದ್ದರೆ, ಮೈ ತಿರುಚಿ ನೆಟಿಗೆ ತೆಗೆಯುವಲ್ಲಿಂದ ಶುರು ಮಾಡಬೇಡಿ. ಬಾಗುವ ಮೇಜಿನ ವಿಧಾನ, ಇಲ್ಲವೇ ಯಾವ ದಿಕ್ಕಿಗೆ ಬಾಗಿದರೆ ನೋವು ತಗ್ಗುತ್ತದೆಂದು ನೋಡಿ ವ್ಯಾಯಾಮ ಕೊಡುವ ಒಳ್ಳೆಯ ಫಿಸಿಯೋಥೆರಪಿಸ್ಟ್, ಇವೆರಡರಲ್ಲಿ ಒಂದನ್ನು ಮೂರು ವಾರ ಪರೀಕ್ಷೆಗೆಂದು ಹಿಡಿಯಿರಿ. 24 ಸಿಟ್ಟಿಂಗಿಗೆ ಮುಂಗಡ ಕಟ್ಟಬೇಡಿ. ಮೇಜು ಒಳ್ಳೆಯದೇ ಇರಬಹುದು, ಆ ಪ್ಯಾಕೇಜು ಒಳ್ಳೆಯದಲ್ಲ. ತಾಯಿಯವರ ಬೆನ್ನಿಗೆ, ಕುತ್ತಿಗೆಗೆ ಯಾರೂ ಫಕ್ಕನೆ ಒತ್ತಬಾರದು, ತಿರುಚಬಾರದು.

ಆದರೆ ಇದಕ್ಕೂ ಮೊದಲಿನ ಮಾತೊಂದಿದೆ. ಯಾವ ವಿಧಾನ ಎಂದು ಕೇಳುವ ಮುನ್ನ, ಈಗ ಕೈ ಹಾಕಬಹುದಾದ ಬೆನ್ನೇ ಇದು ಎಂದು ಖಚಿತವಾಗಬೇಕು. ಮೂತ್ರ ಕಟ್ಟಿಕೊಳ್ಳುವುದು ಅಥವಾ ಅರಿವಿಲ್ಲದೆ ಹೋಗುವುದು, ಮಲದ ಹಿಡಿತ ತಪ್ಪುವುದು, ಶೌಚದ ನಂತರ ತೊಳೆದುಕೊಳ್ಳುವ ಜಾಗದಲ್ಲಿ ಮುಟ್ಟಿದ್ದು ತಿಳಿಯದಿರುವುದು, ಎರಡೂ ಕಾಲಿನಲ್ಲಿ ನೋವೋ ಬಲಹೀನತೆಯೋ ಒಟ್ಟಿಗೆ ಬರುವುದು: ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯದೆ ಎಂಆರ್‌ಐ ಮತ್ತು ಆಪರೇಶನ್ ಸೌಲಭ್ಯವಿರುವ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಬೆನ್ನುಹುರಿಯ ಕೆಳಗಿನ ನರಗಳ ಕಟ್ಟು ಅಮುಕಿದಾಗ ಹೀಗಾಗುತ್ತದೆ. ತಡವಾದರೆ ಮೂತ್ರದ ಹಿಡಿತ ಮರಳಿ ಬಾರದೆ ಹೋಗಬಹುದು. ಸಂಜೆ ಸಂಜೆ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಮಲಗಿದರೂ ಶಮನವಾಗದ ರಾತ್ರಿ ನೋವು ಇದ್ದರೆ ಬೆನ್ನುಮೂಳೆಯ ಕ್ಷಯವನ್ನು ನಮ್ಮ ದೇಶದಲ್ಲಿ ಮರೆಯುವಂತಿಲ್ಲ. ಹಿಂದೆ ಕ್ಯಾನ್ಸರ್ ಆದವರು, ಬಹುಕಾಲ ಸ್ಟೀರಾಯ್ಡ್ ತಿಂದವರು, ಮರದಿಂದಲೋ ಏಣಿಯಿಂದಲೋ ಬಿದ್ದವರು ಮೊದಲು ಡಾಕ್ಟರಿಗೆ ತೋರಿಸಬೇಕು. ಅಡಿಕೆ ಮರದಿಂದ ಬಿದ್ದು ‘ಏನೂ ಆಗಲಿಲ್ಲ’ ಎಂದು ಎದ್ದು ನಡೆದವರಲ್ಲೂ ಮೂಳೆ ಕುಸಿದಿರುವುದುಂಟು. ಆ ಬೆನ್ನನ್ನು ತಿರುಚಿದರೆ ಏನಾದೀತೆಂದು ಬಿಡಿಸಿ ಹೇಳಬೇಕಿಲ್ಲ.

ಇನ್ನು ನರದ ಪರೀಕ್ಷೆ. ಇದನ್ನು ಚಿಕಿತ್ಸಕರು ಮಾಡಲೇಬೇಕು. ಆದರೂ ಮನೆಯಲ್ಲಿ ನೀವೇ ಒಮ್ಮೆ ನೋಡಿ, ತಾರೀಕು ಹಾಕಿ ಬರೆದಿಡಿ. ಕುರ್ಚಿಯಲ್ಲಿ ಕುಳಿತು ಎರಡೂ ಹಿಮ್ಮಡಿ ನೆಲದಲ್ಲಿಟ್ಟು ಕಾಲಿನ ಹೆಬ್ಬೆರಳುಗಳನ್ನು ಮೇಲಕ್ಕೆತ್ತಿ; ಮನೆಯವರು ಒಬ್ಬರು ಬೆರಳಿನಿಂದ ಕೆಳಕ್ಕೆ ಒತ್ತಲಿ. ಬಲಗಡೆಯದು ಸುಲಭವಾಗಿ ಮಣಿದರೆ ಅದು ಎಲ್5 ನರದ ಸುಳಿವು. ಎಲ್4–ಎಲ್5 ಡಿಸ್ಕ್ ಉಬ್ಬಿದಾಗ ಸಾಮಾನ್ಯವಾಗಿ ಸಿಕ್ಕಿಕೊಳ್ಳುವುದು ಅದೇ ನರ. ಕಾಲಿನ ಹೊರಬದಿ ಮತ್ತು ಪಾದದ ಮೇಲ್ಭಾಗ ಅದರದೇ ವಲಯ, ನಿಮ್ಮ ಜೋಮು ಅದಕ್ಕೆ ಸರಿಹೊಂದುತ್ತದೆ. ಆಮೇಲೆ ಹಿಮ್ಮಡಿಯ ಮೇಲೆ ಹತ್ತು ಹೆಜ್ಜೆ ನಡೆಯಿರಿ. ಬಲಪಾದ ‘ತಪ್’ ಎಂದು ಬೀಳುತ್ತದೆಯೇ ನೋಡಿ. ಗೋಡೆಗೆ ಬೆರಳು ತಾಗಿಸಿ ಒಂಟಿ ಕಾಲಿನಲ್ಲಿ ಹತ್ತು ಸಲ ಹಿಮ್ಮಡಿ ಎತ್ತಿ ಇಳಿಸಿ. ಇದು ಎಸ್1 ನರದ ಪರೀಕ್ಷೆ, ಅಂದರೆ ಕೆಳಗಿನ ಡಿಸ್ಕಿನದು. ನೋವು ಎಷ್ಟಿದ್ದರೂ ಬಲ ಸರಿಸಮ ಇದ್ದರೆ ಕಾಯಲು ಸಮಯವಿದೆ. ಬಲ ವಾರದಿಂದ ವಾರಕ್ಕೆ ಇಳಿಯುತ್ತಿದ್ದರೆ ನೋವು ಕಡಿಮೆಯಾದರೂ ಸಮಾಧಾನಪಡಬೇಡಿ. ನರ ಸೋಲುವಾಗ ನೋವು ತಗ್ಗುವುದುಂಟು, ಜನ ಅದನ್ನು ಗುಣವೆಂದು ತಿಳಿಯುತ್ತಾರೆ.

ಎಂಆರ್‌ಐ ವರದಿಯ ‘ಡಿಸ್ಕ್ ಬಲ್ಜ್’ ಎಂಬ ಪದಕ್ಕೆ ಹೆದರಬೇಡಿ. ಬೆನ್ನುನೋವೇ ಇಲ್ಲದ 3,110 ಜನರ ಚಿತ್ರಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, 40ರ ವಯಸ್ಸಿನವರಲ್ಲಿ ಅರ್ಧದಷ್ಟು ಮಂದಿಗೆ, 50ರವರಲ್ಲಿ ನೂರಕ್ಕೆ 60 ಮಂದಿಗೆ ಡಿಸ್ಕ್ ಉಬ್ಬಿತ್ತು. ಚಿತ್ರದಲ್ಲಿ ಕಂಡದ್ದಕ್ಕೂ ನಿಮ್ಮ ಕಾಲಿನ ಜೋಮಿಗೂ ಬಲಹೀನತೆಗೂ ತಾಳೆಯಾದರೆ ಮಾತ್ರ ಆ ಉಬ್ಬಿಗೆ ಬೆಲೆ. ನಿಮ್ಮಲ್ಲಿ ಜಾಗ ತಾಳೆಯಾಗುತ್ತದೆ. ಒಳ್ಳೆಯ ಸುದ್ದಿಯೂ ಇದೆ: ಹೊರಬಂದ ಡಿಸ್ಕಿನ ತುಣುಕನ್ನು ದೇಹವೇ ತಿಂಗಳುಗಳಲ್ಲಿ ಹೀರಿಕೊಳ್ಳುವುದು ಸಾಮಾನ್ಯ. ವಿಚಿತ್ರವೆಂದರೆ ದೊಡ್ಡದಾಗಿ ಹೊರಚಾಚಿದವೇ ಹೆಚ್ಚಾಗಿ ಕುಗ್ಗುತ್ತವೆ. ಬರೇ ಉಬ್ಬಿದವು ಅಷ್ಟಾಗಿ ಕುಗ್ಗುವುದಿಲ್ಲ, ಆದರೂ ನೋವು ಇಳಿಯುತ್ತದೆ, ನರದ ಸುತ್ತಲಿನ ಉರಿಯೂತ ಇಳಿಯುವ ಕಾರಣ.

ಈಗ ‘ಗಂಟು ಕೂರಿಸುವ’ ಮಾತು. ಅಮೆರಿಕದ ಅಯೋವಾದ ಡೆವನ್‌ಪೋರ್ಟ್‌ನಲ್ಲಿ 1895ರಲ್ಲಿ ಡಿ. ಡಿ. ಪಾಮರ್ ಈ ಪದ್ಧತಿಯನ್ನು ಶುರು ಮಾಡಿದಾಗ, ಬೆನ್ನಿನ ಮಣಿ ಸ್ಥಾನ ತಪ್ಪಿ ನರವನ್ನು ಅಮುಕುವುದೇ ರೋಗಗಳ ಮೂಲ ಎಂಬ ನಂಬಿಕೆ ಇತ್ತು. ಇವತ್ತಿನ ತಿಳಿವಳಿಕೆಯಲ್ಲಿ ಅದಕ್ಕೆ ಆಧಾರವಿಲ್ಲ. ನಿಮ್ಮ ಮಣಿ ಎಲ್ಲಿಯೂ ಜಾರಿ ಹೋಗಿಲ್ಲ, ಒತ್ತಿದಾಗ ಎಲ್ಲಿಗೂ ಮರಳಿ ಬರುವುದೂ ಇಲ್ಲ. ನೆಟಿಗೆಯ ಸದ್ದು ಕೀಲಿನೊಳಗಿನ ದ್ರವದಲ್ಲಿ ಒತ್ತಡ ಇಳಿದು ಅನಿಲದ ಗುಳ್ಳೆಯಾಗುವಾಗ ಬರುವಂಥದ್ದು, ಬೆರಳಿನ ನೆಟಿಗೆಯೂ ಅದೇ. ಒಮ್ಮೆ ಬಂದರೆ ಸುಮಾರು 20 ನಿಮಿಷ ಅದೇ ಕೀಲಿನಲ್ಲಿ ಮತ್ತೆ ಬರುವುದಿಲ್ಲ. ಸದ್ದು ಬಂದರೆ ಗುಣ ಹೆಚ್ಚು, ಬಾರದಿದ್ದರೆ ಕಡಿಮೆ ಎಂಬುದು ಪರೀಕ್ಷೆಗಳಲ್ಲಿ ನಿಂತಿಲ್ಲ.

ಹಾಗಾದರೆ ಒತ್ತಿದರೆ ಹಗುರವೆನಿಸುವುದು ಸುಳ್ಳೇ? ಅಲ್ಲ. ಬಿಗಿದ ಕೀಲು ಮತ್ತು ಸ್ನಾಯುವಿಗೆ ವೇಗದ ಎಳೆತ ಸಿಕ್ಕಾಗ ಸ್ನಾಯುವಿನ ಬಿಗುವು ಸಡಿಲುತ್ತದೆ, ನರಮಂಡಲ ನೋವಿನ ಸಂಕೇತವನ್ನು ಸ್ವಲ್ಪ ಹೊತ್ತು ತಗ್ಗಿಸುತ್ತದೆ, ಚಲನೆ ಹೆಚ್ಚುತ್ತದೆ. ಇದು ನಿಜವಾದ ಲಾಭ, ಆದರೆ ಗಂಟೆಗಳದು ಅಥವಾ ದಿನಗಳದು. ಆ ಅವಕಾಶದಲ್ಲಿ ನೀವು ನಡೆದರೆ, ವ್ಯಾಯಾಮ ಮಾಡಿದರೆ ಉಳಿಯುತ್ತದೆ. ಸುಮ್ಮನಿದ್ದರೆ ಮುಂದಿನ ಸಿಟ್ಟಿಂಗಿನವರೆಗೆ ಕಾಯಬೇಕು. ಯಾವ ಮಣಿಗೆ ಒತ್ತಿದರು ಎಂಬುದರಿಂದ ಫಲಿತಾಂಶ ಹೆಚ್ಚು ಬದಲಾಗುವುದಿಲ್ಲ ಎಂದೂ ಹಲವು ಪರೀಕ್ಷೆಗಳಲ್ಲಿ ಕಂಡಿದೆ. ಆದುದರಿಂದಲೇ ವಿಧಾನಗಳ ಹೆಸರಿನ ಬಗ್ಗೆ ನನಗೆ ಹೆಚ್ಚು ಮೋಹವಿಲ್ಲ. ಹೆಸರಿಗಿಂತ ಎಷ್ಟು ಬಲ ಹಾಕುತ್ತಾರೆ, ನಿಮ್ಮನ್ನು ಯಾವ ಭಂಗಿಯಲ್ಲಿ ಮಲಗಿಸುತ್ತಾರೆ, ಕಾಲುನೋವು ಹೆಚ್ಚಿದರೆ ನಿಲ್ಲಿಸುತ್ತಾರೆಯೇ, ಇವು ಮುಖ್ಯ.

ನಿಮಗೆ ಹೇಳಿದ ಮೊದಲ ವಿಧಾನಕ್ಕೆ ‘ಡೈವರ್ಸಿಫೈಡ್’ ಎನ್ನುತ್ತಾರೆ. ಸೊಂಟಕ್ಕೆ ಮಾಡುವಾಗ ಮಗ್ಗುಲು ಮಲಗಿಸಿ, ಮೇಲಿನ ಮೊಣಕಾಲು ಮಡಚಿ, ಹೆಗಲನ್ನು ಹಿಂದಕ್ಕೂ ಸೊಂಟವನ್ನು ಮುಂದಕ್ಕೂ ತಿರುಗಿಸಿ, ತಿರುವು ಕೊನೆ ಮುಟ್ಟಿದಲ್ಲಿ ಸಣ್ಣ ಅಂತರದ ವೇಗದ ಒತ್ತು (ಥ್ರಸ್ಟ್) ಕೊಡುತ್ತಾರೆ. ಕಾಲಿಗಿಳಿಯದ, ಕೆಲವೇ ದಿನಗಳ, ಸೊಂಟದಲ್ಲೇ ಹಿಡಿದ ನೋವಿಗೆ ಇದು ಒಳ್ಳೆಯ ಆಯ್ಕೆ. ಎರಡು ವಾರದೊಳಗಿನ ನೋವು, ಮೊಣಕಾಲಿನಿಂದ ಕೆಳಗೆ ಲಕ್ಷಣವಿಲ್ಲ, ಬೆನ್ನು ಬಿಗಿ, ಚಲನೆಯ ಭಯ ಕಡಿಮೆ ಇರುವವರಿಗೆ ಹೆಚ್ಚು ಪ್ರಯೋಜನವಾಗುತ್ತದೆಂದು ಕಂಡುಬಂದಿದೆ. ನಿಮ್ಮದು ನಾಲ್ಕು ತಿಂಗಳ ನೋವು, ಮೊಣಕಾಲಿನ ಕೆಳಗೆ ಇಳಿದಿದೆ. ಡಿಸ್ಕಿನ ಕಾಲುನೋವಿಗೂ ಥ್ರಸ್ಟ್‌ನಿಂದ ಗುಣವಾದ ದಾಖಲೆಗಳಿವೆ, ಮುಟ್ಟಲೇಬಾರದೆಂದು ನಾನು ಹೇಳುವುದಿಲ್ಲ. ಆದರೆ ಸಿಕ್ಕಿಕೊಂಡ ನರದ ಪಕ್ಕದ ಡಿಸ್ಕನ್ನು ತಿರುಚುವ ಭಂಗಿಗೆ ಒಯ್ಯುವ ಮುನ್ನ ಮೆತ್ತಗಿನ ದಾರಿಗಳನ್ನು ಪ್ರಯತ್ನಿಸುವುದೇ ವಿವೇಕ. ಗೊನ್‌ಸ್ಟೆಡ್ ಎಂಬ ಇನ್ನೊಂದು ಶಾಖೆಯೂ ಕೈಯ ಥ್ರಸ್ಟೇ. ಇಡೀ ಬೆನ್ನಿನ ಎಕ್ಸ್‌ರೇ, ಚರ್ಮದ ಉಷ್ಣ ಅಳೆಯುವ ಉಪಕರಣ ಅದರ ಗುರುತು. ಥಾಮ್ಸನ್ ವಿಧಾನದಲ್ಲಿ ಮೇಜಿನ ಒಂದು ತುಂಡು ಒತ್ತಿದಾಗ ಸ್ವಲ್ಪ ಕೆಳಗೆ ಬೀಳುತ್ತದೆ, ಅದರಿಂದ ಕಡಿಮೆ ಬಲ ಸಾಕಾಗುತ್ತದೆ, ತಿರುಚುವುದೂ ಇಲ್ಲ. ಥ್ರಸ್ಟೇ ಬೇಕೆಂದಾದರೆ ದೊಡ್ಡ ಮೈಕಟ್ಟಿನವರಿಗೂ ಭಯಪಡುವವರಿಗೂ ಇದು ಹೊಂದುತ್ತದೆ.

ಟಕ್ ಟಕ್ ಉಪಕರಣ ‘ಆಕ್ಟಿವೇಟರ್’. ಸ್ಪ್ರಿಂಗಿನ ಬಲದಿಂದ ರಬ್ಬರ್ ತುದಿ ಕಣ್ಣುಮಿಟುಕುವುದರೊಳಗೆ ಬಡಿದು ಹಿಂದೆ ಸರಿಯುತ್ತದೆ. ಸುರಕ್ಷಿತ, ನೋವಿಲ್ಲ. ಫಲ ಎಷ್ಟು? 2015ರಲ್ಲಿ ಪ್ರಕಟವಾದ, 107 ಮಂದಿಯ ಒಂದು ಪರೀಕ್ಷೆಯಲ್ಲಿ ಹೊಸ ಸೊಂಟನೋವಿನವರಿಗೆ ನಾಲ್ಕು ವಾರದ ಕೊನೆಗೆ ಕೈಯ ಥ್ರಸ್ಟ್‌ನಿಂದ ಉಪಕರಣಕ್ಕಿಂತ ಹೆಚ್ಚು ಗುಣ ಸಿಕ್ಕಿತು. ಉಪಕರಣಕ್ಕೂ ಸಾಮಾನ್ಯ ವೈದ್ಯಕೀಯ ಆರೈಕೆಗೂ ವ್ಯತ್ಯಾಸವಿರಲಿಲ್ಲ. ಮೂರು, ಆರು ತಿಂಗಳಿಗೆ ಮೂರೂ ಗುಂಪು ಸಮಸಮವಾದವು. ಈ ವಿಧಾನದಲ್ಲಿ ಕವುಚಿ ಮಲಗಿಸಿ ಎರಡು ಹಿಮ್ಮಡಿ ಜೋಡಿಸಿ ‘ಒಂದು ಕಾಲು ಗಿಡ್ಡ’ ಎಂದು ತೋರಿಸುವ ಕ್ರಮವೂ ಇದೆ. ಹಿಡಿಯುವ ಕೈ ಸ್ವಲ್ಪ ಸರಿದರೂ ಅಳತೆ ಬದಲಾಗುತ್ತದೆ, ಕೆಲವು ಮಿಲಿಮೀಟರ್ ವ್ಯತ್ಯಾಸ ಹೆಚ್ಚಿನವರಲ್ಲೂ ಇರುತ್ತದೆ. ಅದನ್ನು ನೋಡಿ ಗಾಬರಿಯಾಗಬೇಡಿ, ಸಿಟ್ಟಿಂಗಿನ ನಂತರ ‘ಸಮ ಆಯಿತು’ ಎಂದರೆ ಹಿಗ್ಗಲೂ ಬೇಡಿ.

ಬಾಗುವ ಮೇಜಿನದು ಅಮೆರಿಕದ ಜೇಮ್ಸ್ ಕಾಕ್ಸ್ ರೂಪಿಸಿದ ವಿಧಾನ. ನೀವು ಕವುಚಿ ಮಲಗಿರುತ್ತೀರಿ. ಚಿಕಿತ್ಸಕರು ಒಂದು ಅಂಗೈಯ ಬುಡವನ್ನು ಸೊಂಟದ ಮಣಿಯ ಮೇಲೆ ಇಟ್ಟು, ಇನ್ನೊಂದು ಕೈಯಲ್ಲಿ ಮೇಜಿನ ಕೆಳಭಾಗವನ್ನು ಕೆಲವೇ ಡಿಗ್ರಿ ತಗ್ಗಿಸುತ್ತಾರೆ. ಕಾಲಿಗಿಳಿದ ನೋವಿಗೆ ಕ್ರಮ ಹೀಗೆ: ನಾಲ್ಕು ಸೆಕೆಂಡಿನ ಐದು ಮೆಲ್ಲನೆಯ ಎಳೆತ, ಅದು 20 ಸೆಕೆಂಡಿನ ಒಂದು ಸರದಿ, ಅಂಥ ಮೂರು ಸರದಿ, ನಡುವೆ ವಿಶ್ರಾಂತಿ. ಮೊದಲು ಸಹನೆ ಪರೀಕ್ಷಿಸಬೇಕು: ಕಾಲಿಗೆ ಪಟ್ಟಿ ಕಟ್ಟದೆ ಸ್ವಲ್ಪ ತಗ್ಗಿಸಿ, ಆಮೇಲೆ ಒಂದೊಂದೇ ಕಾಲನ್ನು ಹಿಡಿದು. ಪೃಷ್ಠದಲ್ಲೋ ಕಾಲಿನಲ್ಲೋ ನೋವು ಹೆಚ್ಚಿದರೆ ಅಂದು ಪಟ್ಟಿ ಕಟ್ಟುವಂತಿಲ್ಲ. ಈ ಪರೀಕ್ಷೆ ಮಾಡದೆ ನೇರವಾಗಿ ಎರಡೂ ಕಾಲಿಗೆ ಪಟ್ಟಿ ಬಿಗಿದು ಮೋಟಾರಿಗೆ ಬಿಟ್ಟು ಹೊರಗೆ ಹೋಗುವವರಾದರೆ ಆ ಮೇಜು ಎಷ್ಟೇ ಬೆಲೆಯದಾದರೂ ಪ್ರಯೋಜನವಿಲ್ಲ. ಹೆಚ್ಚಿನ ಕಡೆ ತೊಂದರೆಯಾಗುವುದು ಇಲ್ಲೇ. 235 ಮಂದಿಯ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಕಾಲಿಗೆ ನರದ ನೋವು ಇಳಿದವರಿಗೆ ಈ ವಿಧಾನ ವ್ಯಾಯಾಮಕ್ಕಿಂತ ಚೆನ್ನಾಗಿ ಹಿಡಿಯಿತು. ಆಸ್ಪತ್ರೆಗಳಲ್ಲಿ ತೂಕ ತೂಗಿಸಿ ಗಂಟೆಗಟ್ಟಲೆ ಎಳೆದಿಡುವ ಟ್ರ್ಯಾಕ್ಷನ್ ಬೇರೆ. ದೀರ್ಘಕಾಲದ ಸೊಂಟನೋವಿಗೆ ಟ್ರ್ಯಾಕ್ಷನ್ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನ ಮಾರ್ಗಸೂಚಿಯಲ್ಲಿ ಹೇಳಿದೆ. ಸೊಂಟದ ಬೆಲ್ಟೂ ಬೇಡ ಎಂದಿದೆ. ರೋಗಿಗೆ ತಿಳಿವಳಿಕೆ, ವ್ಯಾಯಾಮ ಮತ್ತು ಕೈಚಿಕಿತ್ಸೆಗಳನ್ನು ಕೊಡಬಹುದಾದವುಗಳ ಪಟ್ಟಿಯಲ್ಲಿ ಇಟ್ಟಿದೆ.

ಉಳಿದವುಗಳನ್ನು ಬೇಗ ಮುಗಿಸುತ್ತೇನೆ. ಸೊಂಟದ ಕೆಳಗೆ ಬೆಣೆಯಾಕಾರದ ದಿಂಬಿಟ್ಟು ಮಲಗಿಸುವುದು ನಿರಪಾಯ, ಆಧಾರ ತೆಳು. ಕೈ ಚಾಚಿಸಿ ಒತ್ತಿ ಸ್ನಾಯುವಿನ ಬಲದಿಂದ ರೋಗ ಕಂಡುಹಿಡಿಯುವ ‘ಅಪ್ಲೈಡ್ ಕಿನಿಸಿಯಾಲಜಿ’ಗೆ ಹಣ ಕೊಡಬೇಡಿ, ಇಬ್ಬರು ಪರೀಕ್ಷಿಸಿದರೆ ಎರಡು ಉತ್ತರ ಬರುತ್ತದೆ. ಕುತ್ತಿಗೆಯ ಮೊದಲ ಮಣಿ ಸರಿಪಡಿಸಿದರೆ ಸೊಂಟವೂ ಸರಿಯಾಗುತ್ತದೆ ಎಂಬುದನ್ನು ನಂಬಬೇಡಿ. ಮೊಬೈಲಿನಲ್ಲಿ ಓಡಾಡುವ, ತಲೆಗೆ ಪಟ್ಟಿ ಕಟ್ಟಿ ಫಕ್ಕನೆ ಎಳೆಯುವ ವೀಡಿಯೋಗಳನ್ನು ನೋಡಿ ಹಾಗೆಯೇ ಮಾಡಿಸಿಕೊಳ್ಳಲು ಹೋಗುವವರಿದ್ದಾರೆ. ಆ ಎಳೆತದ ಬಲವನ್ನು ಯಾರೂ ಅಳೆಯುವುದಿಲ್ಲ, ಕುತ್ತಿಗೆಯ ರಕ್ತನಾಳದ ಒಳಪದರ ಹರಿದರೆ ಪಾರ್ಶ್ವವಾಯು ಬಡಿಯಬಹುದು. ಅಪರೂಪ ನಿಜ, ಆದರೆ ಬಂದರೆ ಹಿಂದೆ ಹೋಗುವಂಥದ್ದಲ್ಲ. ದೋಟಿ ಹಿಡಿದು ಇಡೀ ದಿನ ಮೇಲೆ ನೋಡಿ ಕುತ್ತಿಗೆ ಹಿಡಿದವರಿಗೆ ಇದನ್ನು ವಿಶೇಷವಾಗಿ ಹೇಳುತ್ತೇನೆ, ಕೊಯ್ಲಿನ ಕಾಲದಲ್ಲಿ ‘ಒಮ್ಮೆ ನೆಟಿಗೆ ತೆಗೆದುಬಿಡಿ’ ಎಂದು ತಲೆ ಕೊಡುವವರು ಬಹಳ. ಹಿಂದೆಂದೂ ಇಲ್ಲದ ಕುತ್ತಿಗೆನೋವು ಅಥವಾ ತಲೆನೋವು, ತಲೆ ತಿರುಗುವುದು, ಎರಡೆರಡು ಕಾಣುವುದು, ಮಾತು ತೊದಲುವುದು, ನುಂಗಲು ಕಷ್ಟವಾಗುವುದು, ಮುಖದ ಒಂದು ಬದಿ ಮರಗಟ್ಟುವುದು, ಇವುಗಳಲ್ಲಿ ಏನಿದ್ದರೂ ಕುತ್ತಿಗೆಗೆ ಕೈ ಹಾಕಿಸದೆ ಆಸ್ಪತ್ರೆಗೆ ಹೋಗಬೇಕು.

ನಮ್ಮ ಕಡೆ ಎಣ್ಣೆ ಹಾಕಿ ಉಳುಕು ತೆಗೆಯುವವರು, ಕಳರಿಯ ಮರ್ಮ ಚಿಕಿತ್ಸಕರು, ಹಗ್ಗ ಹಿಡಿದು ಕಾಲಿನಿಂದ ಉಜ್ಜುವ ಚವಿಟ್ಟಿ ಉಳಿಚ್ಚಿಲ್ ಎಲ್ಲವೂ ಉಂಟು. ಎಣ್ಣೆಯ ಬಿಸಿ, ಮೃದುವಾದ ತಿಕ್ಕುವಿಕೆಯಿಂದ ಸ್ನಾಯು ಸಡಿಲುವುದು ನಿಜ, ಮಾಡಿಸಿಕೊಳ್ಳಿ. ಕಾಲಿನ ಭಾರ ಹಾಕುವುದು, ಸೊಂಟ ತಿರುಚಿ ಸದ್ದು ತೆಗೆಯುವುದು ಬಂದಾಗ ಕೈರೋಪ್ರಾಕ್ಟಿಕ್‌ಗೆ ಹೇಳಿದ ನಿಯಮಗಳೇ ಅಲ್ಲಿಗೂ.

ಯಾರ ಕೈಗೆ ಬೆನ್ನು ಕೊಡಬೇಕು ಎಂಬುದು ವಿಧಾನಕ್ಕಿಂತ ದೊಡ್ಡ ಪ್ರಶ್ನೆ. ಭಾರತದಲ್ಲಿ ಕೈರೋಪ್ರಾಕ್ಟಿಕ್‌ಗೆ ಶಾಸನಬದ್ಧ ಪ್ರತ್ಯೇಕ ಕೌನ್ಸಿಲ್ ಇಲ್ಲ. ಯಾರು ಬೇಕಾದರೂ ಬೋರ್ಡು ಹಾಕಬಹುದಾದ ಸ್ಥಿತಿ. ವಿಶ್ವ ಆರೋಗ್ಯ ಸಂಸ್ಥೆ 2005ರ ಮಾರ್ಗಸೂಚಿಯಲ್ಲಿ ಪೂರ್ಣ ತರಬೇತಿಗೆ ಕನಿಷ್ಠ 4,200 ಗಂಟೆ, ಅದರಲ್ಲಿ 1,000 ಗಂಟೆ ಮೇಲ್ವಿಚಾರಣೆಯ ರೋಗಿ ಚಿಕಿತ್ಸೆ ಬೇಕೆಂದಿದೆ. ವಾರಾಂತ್ಯದ ಕೋರ್ಸಿನ ಪ್ರಮಾಣಪತ್ರ ಗೋಡೆಯಲ್ಲಿ ತೂಗುವವರೂ ಅದೇ ಹೆಸರು ಬಳಸುತ್ತಾರೆ. ‘ನಿಮ್ಮ ಮೂಲ ಪದವಿ ಯಾವುದು, ಎಷ್ಟು ವರ್ಷದ್ದು, ಎಲ್ಲಿ?’ ಎಂದು ಕೇಳುವುದರಲ್ಲಿ ಮರ್ಯಾದೆಗೆ ಕೊರತೆ ಇಲ್ಲ. ವಿದೇಶದ ಡಿ.ಸಿ. (ಡಾಕ್ಟರ್ ಆಫ್ ಕೈರೋಪ್ರಾಕ್ಟಿಕ್) ಪದವಿ ಇದ್ದರೆ ಒಳ್ಳೆಯದು. ಫಿಸಿಯೋಥೆರಪಿಯ ಪದವಿ (ಬಿಪಿಟಿ) ಮಾಡಿ, ಕೈಚಿಕಿತ್ಸೆಯಲ್ಲಿ (ಮ್ಯಾನುವಲ್ ಥೆರಪಿ) ಸ್ನಾತಕೋತ್ತರ ಪದವಿ (ಎಂಪಿಟಿ) ಮಾಡಿದ ಫಿಸಿಯೋಥೆರಪಿಸ್ಟ್ ನಿಮ್ಮ ಸಮಸ್ಯೆಗೆ ಎಷ್ಟೋ ಕಡೆ ಇನ್ನೂ ಒಳ್ಳೆಯ ಆಯ್ಕೆ. ಹತ್ತಿರದಲ್ಲೇ ಸಿಗುವವರಾದರೆ ಇನ್ನೂ ಉತ್ತಮ: ಮಂಗಳೂರಿಗೋ ಕಣ್ಣೂರಿಗೋ ಹೋಗಿ ಬಸ್ಸಿನ ಕುಲುಕಾಟದಲ್ಲಿ ಹಿಂದೆ ಬಂದರೆ ಸಿಟ್ಟಿಂಗಿನಲ್ಲಿ ಸಿಕ್ಕ ಹಗುರ ದಾರಿಯಲ್ಲೇ ಕರಗುತ್ತದೆ. ಡಿಸ್ಕಿನ ನೋವಿಗೆ ಕುಳಿತಿರುವುದೇ ಕೆಟ್ಟ ಭಂಗಿ. ದೂರ ಹೋಗಲೇಬೇಕಾದರೆ ಅರ್ಧ ಗಂಟೆ ಅಲ್ಲೇ ನಡೆದಾಡಿ, ಸೊಂಟದ ಹಿಂದೆ ಸುತ್ತಿದ ಬೈರಾಸು ಇಟ್ಟು ಕುಳಿತು ಬನ್ನಿ.

ಇಡೀ ಬೆನ್ನಿನ ಎಕ್ಸ್‌ರೇಯ ವಿಷಯ. ನಿಮ್ಮಲ್ಲಿ ಎಂಆರ್‌ಐ ಇದೆ, ಅಪಾಯದ ಲಕ್ಷಣ ಯಾವುದೂ ಇಲ್ಲದಿದ್ದರೆ ಎಕ್ಸ್‌ರೇಯಿಂದ ಹೊಸತೇನೂ ತಿಳಿಯದು. ‘ಬೆನ್ನಿನ ಬಾಗು ಹೋಗಿ ನೇರವಾಗಿದೆ’ ಎಂದು ಗೆರೆ ಎಳೆದು ತೋರಿಸುವುದು ಸಾಮಾನ್ಯ. ನೋವಿನಲ್ಲಿ ಸ್ನಾಯು ಬಿಗಿದಾಗ ಯಾರ ಬೆನ್ನೂ ನೇರವಾಗಿ ಕಾಣುತ್ತದೆ, ನಿಂತ ಭಂಗಿ ಬದಲಾದರೂ ಬಾಗು ಬದಲಾಗುತ್ತದೆ. ಆ ಗೆರೆಯ ಮೇಲೆ 24 ಸಿಟ್ಟಿಂಗನ್ನು ಕಟ್ಟುವುದು ತಪ್ಪು. ಸಿಟ್ಟಿಂಗಿನ ಲೆಕ್ಕಕ್ಕೆ ಬೇರೆ ಆಧಾರವಿದೆ: ದೀರ್ಘಕಾಲದ ಸೊಂಟನೋವಿನ 400 ಮಂದಿಗೆ ಆರು ವಾರಗಳಲ್ಲಿ 0, 6, 12, 18 ಹೀಗೆ ಬೇರೆ ಬೇರೆ ಸಂಖ್ಯೆಯ ಸಿಟ್ಟಿಂಗ್ ಕೊಟ್ಟು ನೋಡಿದಾಗ (2014) 12ರದ್ದು ಮೇಲಾಯಿತು, 18ಕ್ಕೆ ಹೋದರೆ ಹೆಚ್ಚಿನ ಲಾಭವಿರಲಿಲ್ಲ.

ಆದುದರಿಂದ ನಿಮ್ಮ ಲೆಕ್ಕ ಹೀಗಿರಲಿ. ವಾರಕ್ಕೆ ಎರಡರಂತೆ ಮೂರು ವಾರ, ಒಟ್ಟು ಆರು, ಪ್ರತಿ ಸಲ ಆ ದಿನದ ಹಣ ಮಾತ್ರ. ಶುರುವಿಗೆ ಮೂರು ಅಳತೆ ಬರೆದಿಡಿ: ಕಾಲಿನ ನೋವು ಎಲ್ಲಿಯವರೆಗೆ ಇಳಿಯುತ್ತದೆ, ಎಷ್ಟು ನಿಮಿಷ ಕುಳಿತರೆ ನೋವು ಶುರುವಾಗುತ್ತದೆ, ಅಂಗಾತ ಮಲಗಿ ಮೊಣಕಾಲು ಮಡಚದೆ ಬಲಗಾಲನ್ನು ಬೇರೆಯವರು ಎತ್ತಿದರೆ ಎಷ್ಟು ಎತ್ತರಕ್ಕೆ ಕಾಲಿಗೆ ಮಿಂಚಿದಂತಾಗುತ್ತದೆ. ಪ್ರತಿ ಸಿಟ್ಟಿಂಗಿನ ಮೊದಲು, ನಂತರ ಇದನ್ನೇ ನೋಡಿ. ನೋವು ಪಾದದಿಂದ ಮೀನಖಂಡಕ್ಕೆ, ಅಲ್ಲಿಂದ ತೊಡೆಗೆ, ಸೊಂಟಕ್ಕೆ ಮೇಲೇರಿದರೆ ಅದು ಒಳ್ಳೆಯ ಲಕ್ಷಣ, ಸೊಂಟದಲ್ಲಿ ಸ್ವಲ್ಪ ಹೆಚ್ಚಾದರೂ ಸರಿ. ಕೆಳಗೆ ಇಳಿದರೆ ಆ ಒತ್ತು, ಆ ಭಂಗಿ ನಿಮಗಲ್ಲ. ಒಂದೆರಡು ದಿನದ ಮೈಕೈನೋವು ಸಹಜ. ಮೂರು ವಾರಕ್ಕೆ ನೂರರಲ್ಲಿ 30ರಷ್ಟಾದರೂ ಇಳಿದಿದ್ದರೆ 12ರವರೆಗೆ ಮುಂದುವರಿಸಿ, ಇಲ್ಲದಿದ್ದರೆ ನಿಲ್ಲಿಸಿ. ‘ಇನ್ನೂ ಹತ್ತು ಮಾಡಿದರೆ ಹಿಡಿಯುತ್ತದೆ’ ಎಂಬ ಮಾತಿಗೆ ಒಪ್ಪಬೇಡಿ.

ಮನೆಯ ಕೆಲಸ ಇದರ ಜೊತೆಗೇ ನಡೆಯಬೇಕು. ಕವುಚಿ ಮಲಗಿ ಎರಡು ನಿಮಿಷ ಸುಮ್ಮನಿರಿ. ಆಮೇಲೆ ಮೊಣಕೈಗಳ ಮೇಲೆ ಎದೆ ಎತ್ತಿ ಎರಡು ನಿಮಿಷ. ಕಾಲಿನ ನೋವು ಕೆಳಗಿಳಿಯದಿದ್ದರೆ ಅಂಗೈಗಳನ್ನು ಹೆಗಲಿನ ಕೆಳಗಿಟ್ಟು, ಸೊಂಟವನ್ನು ನೆಲಕ್ಕೆ ಸಡಿಲ ಬಿಟ್ಟು, ಕೈಯ ಬಲದಿಂದ ಮಾತ್ರ ಎದೆ ಎತ್ತಿ ಇಳಿಸಿ, ಹತ್ತು ಸಲ. ಬೆನ್ನಿನ ಸ್ನಾಯು ಬಿಗಿದು ಎತ್ತುವುದೇ ಇದರಲ್ಲಿ ಹೆಚ್ಚಿನವರು ಮಾಡುವ ತಪ್ಪು. ಹಗಲಲ್ಲಿ ಎರಡು ಮೂರು ಗಂಟೆಗೊಮ್ಮೆ ಮಾಡಿ. ಕಾಲಿನ ನೋವು ಕೆಳಗಿಳಿದು ಅಲ್ಲೇ ನಿಂತರೆ ಬಿಡಿ, ನಿಮ್ಮ ದಿಕ್ಕು ಬೇರೆ ಇರಬಹುದು. ಅದನ್ನು ಫಿಸಿಯೋ ನೋಡಿ ಹೇಳಲಿ. ಇದರೊಂದಿಗೆ ಸಮತಟ್ಟು ಜಾಗದಲ್ಲಿ ದಿನಕ್ಕೆ ಎರಡು ಸಲ ಹತ್ತು ನಿಮಿಷದಿಂದ ಶುರು ಮಾಡಿ ನಡಿಗೆ ಹೆಚ್ಚಿಸಿ.

ರಾತ್ರಿ ಮಲಗಿದಾಗ ಡಿಸ್ಕ್ ನೀರು ಹೀರಿ ಬಿಗಿಯಾಗಿರುತ್ತದೆ, ಎದ್ದ ಮೊದಲ ಗಂಟೆ ಬಗ್ಗಿದರೆ ಹೆಚ್ಚು ಒತ್ತಡ. ಬೆಳ್ಳಂಬೆಳಗ್ಗೆ ಸೋಗೆ, ಹಾಳೆ, ಬಿದ್ದ ಅಡಿಕೆ ಹೆಕ್ಕುವ ಕೆಲಸವನ್ನು ಒಂದೆರಡು ಗಂಟೆ ಮುಂದಕ್ಕೆ ಹಾಕಿ. ಈ ಒಂದು ಬದಲಾವಣೆ ಕೆಲವರಿಗೆ ಸಿಟ್ಟಿಂಗಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಬೆನ್ನಿಗೆ ಕಟ್ಟುವ 16 ಲೀಟರಿನ ಪಂಪು ಅಂದರೆ ನೀರೇ 16 ಕಿಲೋ, ಮೇಲೆ ಯಂತ್ರದ ಭಾರ. ಈ ವರ್ಷ ಅದನ್ನು ಹೊರಬೇಡಿ. ಡ್ರಮ್ಮಿನಲ್ಲಿ ಮೈಲುತುತ್ತು ಕಲಸಿ ಪೈಪಿನಲ್ಲಿ ಬಿಡುವವರಿಗೂ ನೋವು ಬರುವುದು ಕೊಡಪಾನದಿಂದ ನೀರು ಎತ್ತಿ ಮಗ್ಗುಲು ತಿರುಗಿ ಸುರಿಯುವಾಗ. ಮೋಟಾರಿನಿಂದ ನೇರ ಡ್ರಮ್ಮಿಗೆ ಪೈಪು ಹಾಕಿ. ಭಾರ ಎತ್ತಿ ತಿರುಗಬೇಕಾದರೆ ಸೊಂಟ ತಿರುಚದೆ ಪಾದ ಸಮೇತ ತಿರುಗಿ. ನೆಲದಲ್ಲಿ ಕುಳಿತು ಅಡಿಕೆ ಸುಲಿಯುವುದನ್ನು ಮೂರು ತಿಂಗಳು ಬೇರೆಯವರಿಗೆ ಬಿಡಿ, ಅಥವಾ ಎತ್ತರದ ಮಣೆಯಲ್ಲಿ ಕುಳಿತು 20 ನಿಮಿಷಕ್ಕೊಮ್ಮೆ ಎದ್ದು ಹಿಂದಕ್ಕೆ ಐದು ಸಲ ಬಾಗಿ.

ತಾಯಿಯವರ ವಿಷಯ ಪ್ರತ್ಯೇಕ. ಮೂಳೆ ಸಾಂದ್ರತೆಯ ಟಿ-ಸ್ಕೋರ್ ಮೈನಸ್ 2.5 ಅಥವಾ ಅದಕ್ಕೂ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್. ಅಂಥ ಮೂಳೆ ಕೊಡಪಾನ ಎತ್ತಿದರೂ, ಜೋರಾಗಿ ಸೀನಿದರೂ ಕುಸಿಯಬಹುದು. ಇತ್ತೀಚೆಗೆ ಫಕ್ಕನೆ ಶುರುವಾದ ನೋವು, ಗೂನು ಹೆಚ್ಚಿದ್ದು, ಎತ್ತರ ಕುಗ್ಗಿದ್ದು ಕಂಡರೆ ಮೊದಲು ಪಕ್ಕದಿಂದ ತೆಗೆದ ಬೆನ್ನಿನ ಎಕ್ಸ್‌ರೇ ಆಗಲಿ. ಎಕ್ಸ್‌ರೇ ಬೇಕಾದದ್ದು ನಿಮಗಲ್ಲ, ಅವರಿಗೆ. ರಕ್ತ ತೆಳುವಾಗಿಸುವ ಮಾತ್ರೆ ಇರುವಾಗ ಬಲದ ಒತ್ತಿನಿಂದ ಒಳಗೆ ರಕ್ತಸ್ರಾವವಾಗಬಹುದು, ಯಾರಿಗೇ ತೋರಿಸಿದರೂ ಮಾತ್ರೆಯ ಚೀಟಿ ಒಟ್ಟಿಗಿರಲಿ. ಬಗ್ಗಿ ಕಾಲಬೆರಳು ಮುಟ್ಟುವ ವ್ಯಾಯಾಮ, ಹೊಟ್ಟೆಗೆಂದು ಎದ್ದು ಕೂರುವ ವ್ಯಾಯಾಮ ಅವರಿಗೆ ಬೇಡ, ಮುಂದೆ ಬಾಗಿದಾಗ ಮಣಿಯ ಮುಂಭಾಗಕ್ಕೆ ಹೊರೆ ಬೀಳುತ್ತದೆ. ಗೋಡೆಗೆ ಒರಗಿ ನಿಂತು ಹೆಗಲು ಹಿಂದಕ್ಕೆ ಎಳೆಯುವುದು, ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರುವುದು, ಅಂಗಳದಲ್ಲಿ ನಡಿಗೆ, ಬಿಸಿನೀರ ಶಾಖ ಸಾಕು. ಕೈಚಿಕಿತ್ಸೆಯ ಸ್ಪರ್ಶ ಬೇಕೇ ಬೇಕೆಂದಾದರೆ ಮಣಿಗಳನ್ನು ಮೆಲ್ಲಗೆ ಅಲುಗಾಡಿಸುವ ಫಿಸಿಯೋ ವಿಧಾನ, ಅದೂ ಮೂಳೆ ಮುರಿದಿಲ್ಲವೆಂದು ಖಚಿತವಾದ ಮೇಲೆ.

ನಿಮ್ಮ ಹೆಬ್ಬೆರಳಿನ ಬಲ ಇಳಿಯುತ್ತಿದ್ದರೆ, ಅಥವಾ ಮೂರು ವಾರದ ಪ್ರಯತ್ನ, ಮತ್ತೆ ಆರು ವಾರದ ಮನೆವ್ಯಾಯಾಮದ ನಂತರವೂ ಕಾಲುನೋವು ನಿದ್ದೆ ಕೆಡಿಸುತ್ತಿದ್ದರೆ ಬೆನ್ನುಮೂಳೆಯ ಸರ್ಜನ್‌ರನ್ನು ಇನ್ನೊಮ್ಮೆ ಕಾಣಿ. ಹೋಗುವಾಗ ಮನುಷ್ಯಾಕೃತಿಯ ಚಿತ್ರವೊಂದನ್ನು ಬರೆದು ನೋವಿಗೆ ಒಂದು ಬಣ್ಣ, ಜೋಮಿಗೆ ಇನ್ನೊಂದು ಬಣ್ಣ ಹಚ್ಚಿ ಒಯ್ಯಿರಿ. ಡಾಕ್ಟರು ಮಲಯಾಳದವರಿರಲಿ, ಕನ್ನಡದವರಿರಲಿ, ಹೇಳುವುದರಲ್ಲಿ ಗೊಂದಲವಾಗುವುದಿಲ್ಲ. ಎಂಆರ್‌ಐಯ ವರದಿ ಕಾಗದ ಮಾತ್ರವಲ್ಲ, ಫಿಲ್ಮ್ ಅಥವಾ ಸಿ.ಡಿ.ಯೂ ಕೈಯಲ್ಲಿರಲಿ, ಮತ್ತು ಮೂರು ಅಳತೆ ಬರೆದ ಆ ಹಾಳೆಯೂ.